ಆಟವು ಕಥೆಯಾದ ಬಗೆ

ಬೇಸಗೆಯ ದಿನಗಳಲ್ಲಿ ಬಲೆಯನ್ನು ಹಿಡಿದು ಕೀಟಗಳನ್ನರಸುತ್ತ ಅಲೆಯುವುದು ಜಪಾನಿನ ಮಕ್ಕಳಿಗೆ ಬಹುಕಾಲದಿಂದ ಪ್ರಿಯವಾದ ವಿನೋದ. ಟೋಕಿಯೊ ಮಹಾನಗರದ ಅಂಚಿನ ಮಾಚಿದ ಎಂಬಲ್ಲಿ ಬೆಳೆದ ಸತೋಶಿ ತಾಜಿರಿಯವರೂ ಬಾಲ್ಯದಲ್ಲಿ ಹೀಗೆಯೇ ಅಲೆದವರು. ಕಾಲಕ್ರಮದಲ್ಲಿ ಅಲ್ಲಿನ ಕೊಳಗಳೂ ಬಯಲುಗಳೂ ಮರೆಯಾಗಿ ಕಟ್ಟಡಗಳೆದ್ದವು. ತಾವುಂಡ ಸಂತೋಷವನ್ನು ಮುಂದಿನ ಮಕ್ಕಳಿಗೂ ಉಣಿಸಬೇಕೆಂಬ ಹಂಬಲದಿಂದ ಅವರು ರೂಪಿಸಿದ ವಿಡಿಯೋ ಆಟವೇ ‘ಪಾಕೆಟ್ ಮಾನ್‌ಸ್ಟರ್ಸ್’. 1996ರ ಫೆಬ್ರುವರಿ 27ರಂದು ‘ಕೆಂಪು’, ‘ಹಸಿರು’ ಎಂಬ ಎರಡು ಆವೃತ್ತಿಗಳಲ್ಲಿ ಹೊರಬಂದ ಈ ಆಟವು ಮುಂದೆ ‘ಪೋಕೆಮಾನ್’ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತು.

ಆಡುವವನು ಊರೂರು ಸುತ್ತಿ ವಿಚಿತ್ರ ಪ್ರಾಣಿಗಳನ್ನು ಹಿಡಿಯಬೇಕು, ಪಳಗಿಸಬೇಕು, ಇತರರ ಪ್ರಾಣಿಗಳೊಡನೆ ಕಾದಾಡಿಸಬೇಕು. ಮೊದಲ ಆಟದಲ್ಲಿ ಇಂತಹ ಪ್ರಾಣಿಗಳ ಬಗೆ 151. ಎಲ್ಲವೂ ಒಂದೇ ಆವೃತ್ತಿಯಲ್ಲಿ ದೊರೆಯವು. ಆದುದರಿಂದ ಎರಡು ಯಂತ್ರಗಳನ್ನು ತಂತಿಯಿಂದ ಜೋಡಿಸಿ ಗೆಳೆಯನೊಡನೆ ವಿನಿಮಯ ಮಾಡಿಕೊಳ್ಳಬೇಕಾಗುತ್ತಿತ್ತು.

ಇಂತಹ ಆಟವನ್ನು ಚಿತ್ರಕಥೆಯಾಗಿಸುವುದು ಸುಲಭವೆಂದು ಮೇಲುನೋಟಕ್ಕೆ ತೋರಬಹುದು. ನಾಯಕನಿದ್ದಾನೆ, ಪಯಣವಿದೆ, ಎದುರಾಳಿಗಳಿದ್ದಾರೆ, ಇನ್ನೇನು ಬೇಕು? ಆದರೆ ತೊಡಕಿರುವುದು ನಾಯಕನಲ್ಲಿಯೇ. ಆಟದ ನಾಯಕನು ಮಾತನಾಡುವುದಿಲ್ಲ. ಅವನಿಗೆ ಹೆಸರಿಡುವವನೂ ಆಟಗಾರನೇ. ಅನೇಕ ಮಕ್ಕಳು ತಮ್ಮ ಹೆಸರನ್ನೇ ಇಡುತ್ತಾರೆ. ಅಲ್ಲಿ ಅಂಜುವವನು, ಹಿಗ್ಗುವವನು, ದಾರಿ ಆರಿಸುವವನು ಆಡುತ್ತಿರುವ ಮಗುವೇ. ಚಿತ್ರಕಥೆಯನ್ನು ಓದುವ ಮಗುವಾದರೋ ಬೇರೊಬ್ಬನ ಪಯಣವನ್ನು ನೋಡುತ್ತ ಕುಳಿತಿರಬೇಕು. ಹೀಗೆ ಮಗುವಿನಿಂದ ನಾಯಕನ ಸ್ಥಾನವನ್ನು ಕಿತ್ತುಕೊಳ್ಳುವ ಲೇಖಕನು ಅದಕ್ಕೆ ಪ್ರತಿಯಾಗಿ ಏನನ್ನು ಕೊಡಬಲ್ಲನು?

ಜಪಾನಿನಲ್ಲಿ ಚಿತ್ರಕಥೆಗೆ ‘ಮಾಂಗಾ’ ಎಂದು ಹೆಸರು. ಈ ಆಟವನ್ನು ಆಧರಿಸಿ 1996ರಲ್ಲಿಯೇ ಮಾಂಗಾ ರಚಿಸತೊಡಗಿದ ಕೋಸಾಕು ಅನಾಕುಬೊ ಅವರು ಮಕ್ಕಳಿಗೆ ನಗೆಯನ್ನು ಕೊಟ್ಟರು. ಅವರ ಕೃತಿ ಆದ್ಯಂತ ಹಾಸ್ಯಮಯ. ಬೇರೊಂದು ಹಾದಿ ಹಿಡಿದವರು ಲೇಖಕ ಹಿದೆನೋರಿ ಕುಸಾಕ ಮತ್ತು ಚಿತ್ರಕಲಾವಿದೆ ಮಾತೊ. ಶೋಗಾಕುಕಾನ್ ಪ್ರಕಾಶನವು ಪ್ರಾಥಮಿಕ ಶಾಲೆಯ ಒಂದೊಂದು ತರಗತಿಗೂ ಒಂದೊಂದು ಪತ್ರಿಕೆಯನ್ನು ಹೊರಡಿಸುತ್ತಿತ್ತು. 1997ರಲ್ಲಿ ಅವುಗಳ ಮೂಲಕ ಇವರಿಬ್ಬರ ‘ಪಾಕೆಟ್ ಮಾನ್‌ಸ್ಟರ್ಸ್ ಸ್ಪೆಷಲ್’ ಧಾರಾವಾಹಿ ಆರಂಭವಾಯಿತು. ಮುಂದೆ ಚಿತ್ರರಚನೆಯ ಹೊಣೆಯನ್ನು ಸತೋಶಿ ಯಾಮಾಮೊತೊ ವಹಿಸಿಕೊಂಡರು.

ಈ ಕೃತಿಯ ನಾಯಕನ ಹೆಸರು ರೆಡ್, ಎಂದರೆ ಕೆಂಪು. ಮೊದಲ ಅಧ್ಯಾಯದಲ್ಲಿ ಅವನು ತನ್ನ ಸಾಮರ್ಥ್ಯದ ಬಗ್ಗೆ ಬೀಗುವ ಹುಡುಗ. ಕಾಡಿನಲ್ಲಿ ಮ್ಯೂ ಎಂಬ ಅಪೂರ್ವ ಪ್ರಾಣಿಯನ್ನು ಎದುರಿಸಿ, ಸೋತು, ತಾನು ಕಲಿಯಬೇಕಾದುದು ಬಹಳವಿದೆಯೆಂದು ಮನಗಾಣುತ್ತಾನೆ. ಆಟದಲ್ಲಿ ಸೋಲಿಗೆ ಇಷ್ಟು ಭಾರವಿಲ್ಲ. ಸೋತವನು ಚಿಕಿತ್ಸಾಕೇಂದ್ರಕ್ಕೆ ಮರಳುತ್ತಾನೆ, ಅವನ ಪ್ರಾಣಿಗಳು ಕ್ಷಣಮಾತ್ರದಲ್ಲಿ ಚೇತರಿಸಿಕೊಳ್ಳುತ್ತವೆ, ಆಟ ಮುಂದುವರಿಯುತ್ತದೆ. ಕಥೆಯಲ್ಲಿ ನಡೆದುದನ್ನು ನಡೆಯಲಿಲ್ಲವೆನ್ನುವಂತಿಲ್ಲ. ಸೋಲು ಅಲ್ಲಿ ಮನುಷ್ಯನನ್ನು ಬದಲಿಸುತ್ತದೆ.

ಎರಡನೆಯ ಭಾಗದಲ್ಲಿ ರೆಡ್ ಕಾಣೆಯಾಗುತ್ತಾನೆ. ಅವನ ಪಿಕಾಚುವಿನೊಡನೆ ಅವನನ್ನು ಅರಸಿ ಹೊರಡುವ, ಹುಲ್ಲಿನ ಟೋಪಿ ತೊಟ್ಟ ಎಲ್ಲೊ ಗಾಯಗೊಂಡ ಪ್ರಾಣಿಗಳನ್ನು ಗುಣಪಡಿಸಬಲ್ಲಳು, ಅವುಗಳ ಮನಸ್ಸನ್ನು ಅರಿಯಬಲ್ಲಳು. ಆದರೆ ಹೋರಾಟ ಅವಳಿಗೆ ಹಿತವಲ್ಲ. ಕಾದಾಟವೇ ಜೀವಾಳವಾದ ಆಟದಿಂದ ಹುಟ್ಟಿದ ಕಥೆಗೆ ಕಾದಾಟವನ್ನೊಲ್ಲದ ನಾಯಕಿ! ಗೆಲುವಿನ ಸಂಭ್ರಮದಲ್ಲಿ ಗಾಯಗೊಂಡವರನ್ನು ನೋಡುವವರಾರು ಎಂಬ ಪ್ರಶ್ನೆ ಆಟದಲ್ಲಿ ಏಳುವುದು ವಿರಳ. ಕಥೆಯಲ್ಲಿ ಅದನ್ನು ತಪ್ಪಿಸಿಕೊಳ್ಳಲಾಗದು.

ಹೊಸ ಆಟಗಳು ಬಂದಂತೆಲ್ಲ ಅವುಗಳ ಹೆಸರುಗಳನ್ನೇ ಹೊತ್ತ ಹೊಸ ಮಕ್ಕಳು ಈ ಕಥೆಗೆ ಬಂದರು. 2002ರ ‘ರೂಬಿ’, ‘ಸಫೈರ್’ ಆಟಗಳಿಂದ ಬಂದ ಇಬ್ಬರಲ್ಲಿ ಹುಡುಗನಿಗೆ ಸೌಂದರ್ಯಸ್ಪರ್ಧೆಗಳಲ್ಲಿ ಆಸಕ್ತಿ, ಹುಡುಗಿಗೆ ಹೋರಾಟದಲ್ಲಿ ಉತ್ಸಾಹ. ಯಂತ್ರದ ಪೆಟ್ಟಿಗೆಯ ಮೇಲಿನ ಬರಿಯ ಹೆಸರುಗಳು ಹೀಗೆ ಸ್ವಭಾವಗಳಾದವು.

ಆಟವು ಮಗುವಿಗೆ ಕೊಟ್ಟದ್ದು ನಾಯಕನಾಗುವ ಅವಕಾಶವನ್ನು. ಕಥೆಯು ಕೊಟ್ಟದ್ದು ತನ್ನಂತಿರದ ಇನ್ನೊಬ್ಬನ ಅಳಲನ್ನೂ ಹಿಗ್ಗನ್ನೂ ತನ್ನದಾಗಿಸಿಕೊಳ್ಳುವ ಅವಕಾಶವನ್ನು. ಎಲ್ಲೊಳ ಕಥೆಯನ್ನು ಓದಿದ ಮಗು ಮರಳಿ ಆಟಕ್ಕೆ ಕುಳಿತಾಗ, ಸೋತು ಬಿದ್ದ ಪ್ರಾಣಿಯನ್ನು ಕಂಡು ಒಂದು ಗಳಿಗೆ ತಡೆದರೆ, ಆ ರೂಪಾಂತರವು ಸಾರ್ಥಕವಾದಂತೆಯೇ ಸರಿ.