ಗಾನದಾನ: ಲಂಡನ್ನಿನ ಬಡಕೇರಿಗಳಲ್ಲಿ ಹಾಡಿದ ಒಂದು ಗಾಯಕವೃಂದ

ಅನ್ನದಾನ, ವಸ್ತ್ರದಾನ, ವಿದ್ಯಾದಾನಗಳ ಹಿರಿಮೆಯನ್ನು ಅರಿಯದವರು ನಮ್ಮಲ್ಲಿಲ್ಲ. ಹಸಿದವನಿಗೆ ಒಂದು ತುತ್ತು, ಚಳಿಯಲ್ಲಿ ನಡುಗುವವನಿಗೆ ಒಂದು ಕಂಬಳಿ, ಓದಬಯಸುವ ಬಾಲಕನಿಗೆ ಒಂದು ಪುಸ್ತಕ, ಇವುಗಳಿಗಾಗಿ ಬೇಡಿದರೆ ಇಲ್ಲವೆನ್ನುವವರು ವಿರಳ. ಆದರೆ ಬಡವರು ಕುಳಿತು ಒಳ್ಳೆಯ ಸಂಗೀತವನ್ನು ಕೇಳಬೇಕು, ಅದಕ್ಕಾಗಿ ಹಣ ಕೊಡಿರಿ ಎಂದು ಯಾರಾದರೂ ಮನೆಬಾಗಿಲಿಗೆ ಬಂದರೆ ಗೃಹಸ್ಥನು ಏನೆಂದಾನು? ಹೊಟ್ಟೆಗಿಲ್ಲದವನಿಗೆ ಹಾಡೇಕೆ ಎಂದು ಕೇಳದೆ ಇರಲಾರನು. ಸುಮಾರು ನೂರೈವತ್ತು ವರ್ಷಗಳ ಹಿಂದೆ ಲಂಡನ್ ನಗರದಲ್ಲಿ ಈ ಪ್ರಶ್ನೆಗೆ ಹಾಡಿಯೇ ಉತ್ತರ ಕೊಟ್ಟ ಒಂದು ಗಾಯಕವೃಂದದ ವೃತ್ತಾಂತವು ನಮ್ಮ ವಾಚಕರಿಗೆ ರುಚಿಸಬಹುದು.

ಪಾಶ್ಚಾತ್ಯರ ವೃಂದಗಾನವು ನಮ್ಮ ಭಜನೆಯಂತಲ್ಲ. ಭಜನೆಯಲ್ಲಿ ನೆರೆದವರೆಲ್ಲರೂ ಒಂದೇ ಧಾಟಿಯನ್ನು ಹಿಡಿದು ಹಾಡುವರು. ಅಲ್ಲಿಯಾದರೋ ಹೆಂಗಸರಲ್ಲಿ ಎರಡು, ಗಂಡಸರಲ್ಲಿ ಎರಡು, ಹೀಗೆ ಕಂಠದ ಎತ್ತರ ತಗ್ಗುಗಳನ್ನನುಸರಿಸಿ ನಾಲ್ಕು ಪಂಗಡಗಳಾಗುವುವು. ಒಂದೊಂದು ಪಂಗಡವೂ ತನ್ನದೇ ಆದ ಸ್ವರಮಾರ್ಗದಲ್ಲಿ ನಡೆಯುತ್ತಲೇ ನಾಲ್ಕೂ ಕೂಡಿ ಒಂದು ನಾದವಾಗಬೇಕು. ಇದರ ದೊಡ್ಡ ರೂಪವೇ ಆರಟೋರಿಯೊ. ಬೈಬಲಿನ ಕಥೆಯನ್ನಾಗಲಿ ವಾಕ್ಯಗಳನ್ನಾಗಲಿ ವೇಷವಿಲ್ಲದೆ, ಅಭಿನಯವಿಲ್ಲದೆ, ಕೇವಲ ಗಾನದಿಂದ ನಿರೂಪಿಸುವುದು ಅದರ ಕ್ರಮ. ದಾಸರೊಬ್ಬರು ಮಾಡುವ ಹರಿಕಥೆಯನ್ನು ನೂರು ಮಂದಿ ಕೂಡಿ ವಾದ್ಯಮೇಳದೊಡನೆ ಹಾಡಿದಂತೆ ಎಂದು ಸ್ಥೂಲವಾಗಿ ಊಹಿಸಿಕೊಳ್ಳಬಹುದು.

ಇಂತಹ ಗಾನವು ಧರ್ಮಕಾರ್ಯಕ್ಕೆ ಒದಗಿದುದು ಹೊಸದೇನೂ ಅಲ್ಲ. ಹ್ಯಾಂಡೆಲನ ‘ಮೆಸ್ಸೀಯ’ ಎಂಬ ಪ್ರಸಿದ್ಧ ಕೃತಿಯನ್ನು ಪ್ರಥಮವಾಗಿ ಹಾಡಿದುದು 1742ನೆಯ ಏಪ್ರಿಲ್ 13ರಂದು, ಐರ್ಲೆಂಡಿನ ಡಬ್ಲಿನ್ ನಗರದಲ್ಲಿ. ಹೆಚ್ಚು ಮಂದಿಗೆ ಸ್ಥಳ ದೊರೆಯಲೆಂದು, ಸ್ತ್ರೀಯರು ಬಳೆಕಟ್ಟಿದ ಅಗಲವಾದ ಲಂಗಗಳನ್ನೂ ಪುರುಷರು ಖಡ್ಗಗಳನ್ನೂ ಮನೆಯಲ್ಲಿಯೇ ಬಿಟ್ಟು ಬರಬೇಕೆಂದು ಮೊದಲೇ ಪ್ರಾರ್ಥಿಸಿದ್ದರು. ಬಂದ ಹಣವು ಎರಡು ಆಸ್ಪತ್ರೆಗಳಿಗೂ, ಸಾಲ ತೀರಿಸಲಾರದೆ ಸೆರೆಯಲ್ಲಿದ್ದವರ ವಿಮೋಚನೆಗೂ ಸಂದಿತು; ಅದರಿಂದ 142 ಮಂದಿ ಬಿಡುಗಡೆ ಹೊಂದಿದರು. ಉಳ್ಳವರು ಹಣ ತೆತ್ತು ಕೇಳುವುದು, ಆ ಹಣವನ್ನು ಇಲ್ಲದವರಿಗಾಗಿ ವೆಚ್ಚಮಾಡುವುದು, ಇದು ಮುಂದೆಯೂ ಬಹುಕಾಲ ನಡೆದ ಪದ್ಧತಿ. ಇದರಿಂದ ಬಡವನಿಗೆ ಔಷಧ ಸಿಕ್ಕಿತು, ಬಿಡುಗಡೆ ಸಿಕ್ಕಿತು. ಹಾಡು ಮಾತ್ರ ಸಿಕ್ಕಲಿಲ್ಲ.

ಈ ಪದ್ಧತಿಯನ್ನು ತಿರುಗಿಸಿ ನಿಲ್ಲಿಸಿದವರು ಹಿಲ್ ಸೋದರಿಯರು. ತಂಗಿಯಾದ ಆಕ್ಟೇವಿಯಾ ಹಿಲ್ (1838–1912) ಅವರು ಜಾನ್ ರಸ್ಕಿನ್ ಒದಗಿಸಿದ ಹಣದಿಂದ 1865ರಲ್ಲಿ ಲಂಡನ್ನಿನ ಮೇರಿಲೆಬೋನ್ ಭಾಗದ ಹಾಳುಮನೆಗಳನ್ನು ವಹಿಸಿಕೊಂಡು, ದುರಸ್ತುಮಾಡಿಸಿ, ಬಡವರಿಗೆ ಬಾಡಿಗೆಗೆ ಕೊಟ್ಟು ಹೆಸರಾದವರು. ಅಕ್ಕ ಮಿರಾಂಡಾ (1836–1910) ಉಪಾಧ್ಯಾಯಿನಿ. ಹೊಗೆಹಿಡಿದ ಗೋಡೆ, ಹಸುರಿಲ್ಲದ ಅಂಗಳ, ಯಂತ್ರಗಳ ಗದ್ದಲ ಇವುಗಳ ನಡುವೆ ಬಾಳುವವರಿಗೆ ಸೌಂದರ್ಯವೂ ಬೇಕಾದ ವಸ್ತುವೆಂದು ಮಿರಾಂಡಾ ಅವರು 1875ರಲ್ಲಿ ಒಂದು ಪ್ರಬಂಧವನ್ನು ಬರೆದರು. ಅದರ ಫಲವಾಗಿ 1876ರಲ್ಲಿ ಕರ್ಲ್ ಸಂಘವು ಹುಟ್ಟಿತು. ತಾನು ಸರಳವಾಗಿ ಬಾಳಿ, ತನ್ನ ವರಮಾನವನ್ನು ರಾಸ್ ಎಂಬ ಊರಿನ ಹಿತಕ್ಕಾಗಿ ವ್ಯಯಿಸಿದ ಜಾನ್ ಕರ್ಲ್ (1637–1724) ಎಂಬ ಸಜ್ಜನನ ಹೆಸರೇ ಸಂಘದ ಹೆಸರಾಯಿತು. ಬಡವರು ಸೇರುವ ಕಟ್ಟಡಗಳನ್ನು ಚಿತ್ರಗಳಿಂದ ಅಲಂಕರಿಸಲು, ಬಯಲುಗಳನ್ನು ಉಳಿಸಲು, ಪುಸ್ತಕಗಳನ್ನು ಹಂಚಲು ಅದರಲ್ಲಿ ಬೇರೆಬೇರೆ ಶಾಖೆಗಳಿದ್ದುವು. ಸಂಗೀತಕ್ಕೂ ಒಂದು ಶಾಖೆ.

ಈ ಶಾಖೆಯ ಗಾಯಕವೃಂದದವರು ಹಾಡಿ ಹೊಟ್ಟೆಹೊರೆಯುವವರಲ್ಲ. ಸ್ವಂತ ಬಿಡುವಿನ ವೇಳೆಯಲ್ಲಿ ಸಂಭಾವನೆಯಿಲ್ಲದೆ ಹಾಡಿದವರು. ಬಡಕೇರಿಗಳ ಚರ್ಚುಗಳಿಗೆ ತಾವೇ ಹೋಗಿ ಆರಟೋರಿಯೊಗಳನ್ನು ಹಾಡುವುದು, ಬಾಗಿಲಲ್ಲಿ ಯಾರಿಂದಲೂ ಕಾಸು ಕೇಳದಿರುವುದು, ಇದು ಅವರ ನಿಯಮ. ಅಭ್ಯಾಸಿಗಳಿಗೆ ಇಂತಹ ಗಹನವಾದ ಗಾನವು ಎಟುಕುವಂತಾದುದಕ್ಕೆ ಆ ಕಾಲದ ಅನುಕೂಲತೆಗಳೂ ಕಾರಣ. ನಾರಿಚ್ ಪಟ್ಟಣದ ಸಾರಾ ಗ್ಲೋವರ್ ಎಂಬ ಉಪಾಧ್ಯಾಯಿನಿಯು ಕಲ್ಪಿಸಿ, ಜಾನ್ ಕರ್ವೆನ್ (1816–1880) ಎಂಬ ಪಾದ್ರಿಯು ಬೆಳೆಸಿದ ಸ್ವರಲಿಪಿಯು, ನಮ್ಮ ಸರಿಗಮಗಳಂತೆಯೇ ಅಕ್ಷರಗಳಿಂದ ಹಾಡನ್ನು ಓದುವ ಮಾರ್ಗವನ್ನು ಸಾಮಾನ್ಯರಿಗೆ ತೆರೆದಿತ್ತು. ನೊವೆಲ್ಲೊ ಎಂಬ ಪ್ರಕಾಶಕರು ದೊಡ್ಡ ಕೃತಿಗಳನ್ನು ಅಗ್ಗದ ಬೆಲೆಗೆ ಅಚ್ಚುಹಾಕಿದ್ದರು.

ಹಾಡುವವರು ಹಣ ಕೇಳದಿದ್ದ ಮೇಲೆ ಖರ್ಚೇನು ಎಂದು ಕೆಲವರು ಭಾವಿಸಬಹುದು. ವಿಚಾರಿಸಿದರೆ ತಿಳಿಯುವುದು. ಪ್ರತಿಯೊಬ್ಬ ಗಾಯಕನಿಗೂ ಸ್ವರಪುಸ್ತಕ ಬೇಕು. ಅಭ್ಯಾಸಕ್ಕೆ ಸ್ಥಳ ಬೇಕು, ದೀಪ ಬೇಕು. ವಾದ್ಯಮೇಳವನ್ನು ಕರೆಸಿದರೆ ಅವರಿಗೆ ಸಂಬಳ ಕೊಡಬೇಕು. ಬಾಗಿಲಲ್ಲಿ ಹಣವೆತ್ತದ ಸಂಗೀತಕ್ಕೆ ಬೇರೆ ಎಲ್ಲಿಂದಲಾದರೂ ಹಣ ಬರಲೇಬೇಕು. ಕರ್ಲ್ ಸಂಘದ ವೆಚ್ಚವು ವಂತಿಗೆಗಳಿಂದಲೂ ದಾನಗಳಿಂದಲೂ ನಡೆಯಿತು. ವಿಕ್ಟೋರಿಯಾ ರಾಣಿಯ ಮಗನಾದ ಲಿಯೊಪೋಲ್ಡ್ ರಾಜಕುಮಾರನು ಅದರ ಅಧ್ಯಕ್ಷನಾದನು. 1881ರಲ್ಲಿ ಕವಿಯೂ ಕುಶಲಕರ್ಮಿಯೂ ಆದ ವಿಲಿಯಂ ಮಾರಿಸ್ ಸಂಘದ ಸಭೆಯಲ್ಲಿ ಭಾಷಣ ಮಾಡಿದನು. ಡಬ್ಲಿನ್ನಿನಲ್ಲಿ ಹಣಕ್ಕಾಗಿ ಹಾಡಿದರು. ಇಲ್ಲಿ ಹಾಡಿಗಾಗಿ ಹಣ ಕೂಡಿಸಿದರು.

ಇದರಲ್ಲಿ ಒಂದು ಸೋಜಿಗವುಂಟು. ಆಕ್ಟೇವಿಯಾ ಅವರು ಬಾಡಿಗೆಯನ್ನು ವಾರವಾರವೂ ತಪ್ಪದೆ ವಸೂಲುಮಾಡುತ್ತಿದ್ದವರು; ಕೈಗೆ ಕಾಸು ಹಾಕುವ ಧರ್ಮವು ಬಡವನ ಸ್ವಾವಲಂಬನೆಯನ್ನು ಕೆಡಿಸುವುದೆಂದು ದೃಢವಾಗಿ ನಂಬಿದವರು. ಅಂಥವರು ಸಂಗೀತವನ್ನು ಮಾತ್ರ ಬೆಲೆಯಿಲ್ಲದೆ ಕೊಡುವ ಕಾರ್ಯಕ್ಕೆ ಹೆಗಲು ಕೊಟ್ಟುದು ಹೇಗೆ? ನೋಡಿದರೆ ಇದರಲ್ಲಿ ವಿರೋಧವೇನೂ ಇಲ್ಲ. ಕಾಸನ್ನು ಪಡೆಯುವವನು ಕೊಡುವವನ ಮುಂದೆ ತಲೆಬಾಗಬೇಕಾಗುವುದು. ಹಾಡನ್ನು ಕೇಳುವವನಾದರೋ ಹಾಡುವವನ ಎದುರಿಗೆ, ಒಂದೇ ಸೂರಿನಡಿಯಲ್ಲಿ, ತಲೆಯೆತ್ತಿ ಕುಳಿತಿರುವನು. ಒಬ್ಬನು ಉಂಡ ಅನ್ನವು ಇನ್ನೊಬ್ಬನಿಗೆ ಉಳಿಯದು. ಒಬ್ಬನು ಕೇಳಿದ ಹಾಡು ಪಕ್ಕದವನಿಗೆ ಕಡಮೆಯಾಗದು. ಅಲ್ಲದೆ ದೇವರ ಸ್ತುತಿಗೆ ದ್ವಾರದಲ್ಲಿ ಸುಂಕವಿಡುವುದು ಯಾವ ಮತದವರಿಗೂ ಅಷ್ಟಾಗಿ ಒಪ್ಪುವ ಮಾತಲ್ಲ.

ಕರ್ಲ್ ಸಂಘವು ಇಂದು ಇಲ್ಲ. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಅದರ ಬಲ ಕುಂದಿಹೋಯಿತು. ಬಯಲುಗಳನ್ನು ಉಳಿಸುವ ಅದರ ಆದರ್ಶವು, ಆಕ್ಟೇವಿಯಾ ಅವರು ರಾಬರ್ಟ್ ಹಂಟರ್, ಹಾರ್ಡ್‌ವಿಕ್ ರಾನ್ಸ್‌ಲಿ ಇವರೊಡನೆ 1895ರಲ್ಲಿ ಸ್ಥಾಪಿಸಿದ ನ್ಯಾಷನಲ್ ಟ್ರಸ್ಟಿನಲ್ಲಿ ಮುಂದುವರಿದು ಈಗಲೂ ಕಣ್ಣಿಗೆ ಕಾಣುವಂತಿದೆ. ಹಾಡಿದ ಹಾಡಿಗೆ ಅಂತಹ ಗುರುತಿಲ್ಲ; ಅದು ಆ ಸಂಜೆ ಕೇಳಿದವರೊಡನೆಯೇ ಹೋಯಿತು. ಗಾನದಾನಕ್ಕೆ ಹಣ ಕೂಡಿಸುವ ಕಷ್ಟವೂ ಇಲ್ಲಿಯೇ ಇರುವುದು. ಆಸ್ಪತ್ರೆಗೆ ಕೊಟ್ಟವನು ಗೋಡೆಯನ್ನು ತೋರಿಸಬಲ್ಲನು. ಹಾಡಿಗೆ ಕೊಟ್ಟವನು ಏನನ್ನು ತೋರಿಸಿಯಾನು? ಆದುದರಿಂದಲೇ ಅದಕ್ಕೆ ಕೊಡುವವರು ಕಡಮೆ, ಕೊಟ್ಟವರ ಮನಸ್ಸು ದೊಡ್ಡದು. ನಮ್ಮ ಬೀದಿಯಲ್ಲಿಯೇ ಹಣ ತೆರದೆ ಕುಳಿತು ಸಂಗೀತ ಕೇಳುವ ಭಾಗ್ಯವು ಎಂದಾದರೂ ಒದಗಿದರೆ, ನಮ್ಮ ಪರವಾಗಿ ಯಾರೋ ತೆತ್ತಿರುವರೆಂಬುದನ್ನು ನೆನೆದು, ಮುಂದಿನ ಸಾರಿ ವಂತಿಗೆಯ ಪಟ್ಟಿ ಬಂದಾಗ ಬಾಗಿಲನ್ನು ಮುಚ್ಚದಿರೋಣ.