ಮೊದಲು ದನಿ, ಆಮೇಲೆ ಬಾಯಿ

‘ವಾಲೇಸ್ ಆ್ಯಂಡ್ ಗ್ರೋಮಿಟ್’ ಸರಣಿಯ ಯಾವ ಚಿತ್ರವನ್ನೇ ನೋಡಿ, ಮೊದಲು ಗಮನ ಸೆಳೆಯುವುದು ವಾಲೇಸನ ಬಾಯಿ. ಹಸಿರು ಉಣ್ಣೆಯಂಗಿ, ಕೆಂಪು ಟೈ ತೊಟ್ಟ ಈ ಬೋಳುತಲೆಯ ಬೊಂಬೆ ‘ಚೀಸ್’ ಅಂದರೆ ಸಾಕು, ಕೆನ್ನೆಗಳನ್ನು ಅತ್ತಿತ್ತ ತಳ್ಳಿಕೊಂಡು ಬಾಯಿ ಮುಖಕ್ಕಿಂತ ಅಗಲವಾಗುತ್ತದೆ. ಕಾರ್ಟೂನ್ ಪಾತ್ರಗಳಿಗೆ ಮಾತಿಗೆ ತಕ್ಕಂತೆ ತುಟಿಯಾಡಿಸುವ ಲಿಪ್ ಸಿಂಕ್ ಕಲೆಯ ಬಗ್ಗೆ ಬರೆಯಲು ಹೊರಟಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಬಾಯಿಯ ಕಥೆ. ಅದಕ್ಕೆ ಆ ಆಕಾರ ಕೊಟ್ಟದ್ದು ಒಬ್ಬ ನಟನ ಉಚ್ಚಾರಣೆ.

1980ರ ದಶಕದ ಆರಂಭದಲ್ಲಿ, ವಾಲೇಸನನ್ನು ಸೃಷ್ಟಿಸಿದ ನಿಕ್ ಪಾರ್ಕ್ ಇಂಗ್ಲೆಂಡಿನ ನ್ಯಾಷನಲ್ ಫಿಲ್ಮ್ ಆ್ಯಂಡ್ ಟೆಲಿವಿಷನ್ ಸ್ಕೂಲಿನ ವಿದ್ಯಾರ್ಥಿ. ಪದವಿಗಾಗಿ ಪ್ಲಾಸ್ಟಿಸಿನ್ ಬೊಂಬೆಗಳ ಚಿತ್ರವೊಂದನ್ನು ಶುರುಮಾಡಿದ್ದರು. ಬಿಬಿಸಿಯ ‘ಲಾಸ್ಟ್ ಆಫ್ ದ ಸಮ್ಮರ್ ವೈನ್’ ಧಾರಾವಾಹಿಯಿಂದ ಮನೆಮಾತಾಗಿದ್ದ ನಟ ಪೀಟರ್ ಸಾಲಿಸ್ ಅವರನ್ನು ವಾಲೇಸನಿಗೆ ದನಿ ಕೊಡುವಂತೆ ಕೇಳಿದರು. ಸಾಲಿಸ್ ಒಪ್ಪಿದರು, ಸಂಭಾವನೆಯಾಗಿ 50 ಪೌಂಡನ್ನು ಒಂದು ಧರ್ಮಸಂಸ್ಥೆಗೆ ಕೊಡಿ ಎಂದರು. ಪಾರ್ಕ್ ಹುಟ್ಟಿದ್ದು ಲ್ಯಾಂಕಶೈರಿನ ಪ್ರೆಸ್ಟನ್‌ನಲ್ಲಿ, ಹಾಗಾಗಿ ತಮ್ಮೂರ ಕಡೆಯ ಮಾತಿನ ಧಾಟಿ ಬೇಕೆಂದು ಅವರಿಗೆ ಆಸೆ. ಸಾಲಿಸ್ ಅವರಿಗೆ ಒಗ್ಗಿದ್ದು ಯಾರ್ಕ್‌ಶೈರಿನ ಧಾಟಿ. ಅದೇ ಉಳಿಯಿತು.

ಆ ಧಾಟಿಯಲ್ಲಿ ಸಾಲಿಸ್ ‘ಚೀಸ್’ ಎಂಬುದನ್ನು ಎಳೆದು, ಅಗಲಿಸಿ ಹೇಳಿದರು. ಆ ಉದ್ದನೆಯ ‘ಈ’ ಸ್ವರ ಹೊರಬರಬೇಕಾದರೆ ಬಾಯಿ ಎಷ್ಟು ಹಿಗ್ಗಬೇಕು ಎಂಬುದು ಪಾರ್ಕ್‌ಗೆ ಹೊಳೆಯಿತು. ವಾಲೇಸನ ಮುಖ ಅಲ್ಲಿಂದ ಅಗಲವಾಗುತ್ತಾ ಹೋಯಿತು. ಅವನ ನಾಯಿ ಗ್ರೋಮಿಟ್‌ಗೂ ಮೊದಲು ಬಾಯಿ, ದನಿ ಎರಡೂ ಇರಬೇಕಿತ್ತು. ಹುಬ್ಬನ್ನು ಕೊಂಚ ಸರಿಸಿದರೇ ನಾಯಿಯ ಮನಸ್ಸು ತಿಳಿಯುತ್ತದೆ ಎಂದು ಕಂಡ ಮೇಲೆ ಪಾರ್ಕ್ ಅದರ ಬಾಯಿಯನ್ನೇ ತೆಗೆದುಹಾಕಿದರು. ದನಿ ಮುದ್ರಿಸಿ ವರ್ಷಗಳು ಕಳೆದ ಮೇಲೆ, 1989ರಲ್ಲಿ ‘ಎ ಗ್ರ್ಯಾಂಡ್ ಡೇ ಔಟ್’ ಎಂಬ ಆ ಚಿತ್ರ ಮುಗಿಯಿತು. ಅಷ್ಟರಲ್ಲಿ ಪಾರ್ಕ್ ಬ್ರಿಸ್ಟಲ್‌ನ ಆರ್ಡ್‌ಮನ್ ಸ್ಟುಡಿಯೊ ಸೇರಿದ್ದರು. ಸಾಲಿಸ್ 2017ರಲ್ಲಿ ತೀರಿಕೊಂಡರು. ವಾಲೇಸನಿಗೆ ಈಗ ಬೆನ್ ವೈಟ್‌ಹೆಡ್ ದನಿ ಕೊಡುತ್ತಾರೆ. ಬಾಯಿ ಮಾತ್ರ ಸಾಲಿಸ್ ಅವರದೇ.

ಅದೇ 1989ರಲ್ಲಿ ಪಾರ್ಕ್ ‘ಕ್ರಿಯೇಚರ್ ಕಂಫರ್ಟ್ಸ್’ ಎಂಬ ಐದು ನಿಮಿಷದ ಚಿತ್ರವನ್ನೂ ಮಾಡಿದರು. ಅದರಲ್ಲಿ ಮಾತಾಡುವವರು ನಟರಲ್ಲ, ಸಾಮಾನ್ಯ ಜನ. ತಾವಿರುವ ಮನೆ, ಊಟ, ಹವೆಯ ಬಗ್ಗೆ ಅವರು ಹೇಳಿದ್ದನ್ನು ಮುದ್ರಿಸಿಕೊಂಡು, ಆ ಮಾತನ್ನು ಮೃಗಾಲಯದ ಪ್ರಾಣಿಗಳ ಬಾಯಿಗೆ ಕೂಡಿಸಿದರು. ಜಾಗ ಸಾಲದೆಂದು ಕೊರಗುವ ಬ್ರೆಜಿಲ್ ವಿದ್ಯಾರ್ಥಿಯ ದನಿ ಬೋನಿನೊಳಗಿನ ದೊಡ್ಡ ಕಾಡುಬೆಕ್ಕಿನದಾಯಿತು. ತಡವರಿಸುವುದು, ‘ಅಂ’ ಎಂದು ಯೋಚಿಸುವುದು, ಉಗುಳು ನುಂಗುವುದು, ಎಲ್ಲಕ್ಕೂ ತುಟಿ ಅಲುಗಿತು. ಚಿತ್ರಕ್ಕೆ ಆಸ್ಕರ್ ಬಂತು.

ಮಾತಾಡುವ ಕಾರ್ಟೂನು ಇವರಿಗಿಂತ ಬಹಳ ಹಳೆಯದು. 1928ರ ನವೆಂಬರ್ 18ರಂದು ನ್ಯೂಯಾರ್ಕಿನಲ್ಲಿ ತೆರೆಕಂಡ ಡಿಸ್ನಿಯ ‘ಸ್ಟೀಮ್‌ಬೋಟ್ ವಿಲ್ಲಿ’ ಚಿತ್ರವನ್ನು ಎಲ್ಲರೂ ನೆನೆಯುತ್ತಾರೆ. ಅದಕ್ಕೂ ಮುಂಚೆಯೇ ಫ್ಲೀಷರ್ ಸಹೋದರರು ಲೀ ಡಿ ಫಾರೆಸ್ಟ್‌ನ ಫೋನೋಫಿಲ್ಮ್ ತಂತ್ರ ಬಳಸಿ ದನಿಗೂಡಿದ ಕಾರ್ಟೂನು ಮಾಡಿದ್ದರು. ಡಿಸ್ನಿಯಲ್ಲೂ ಎಂಜಿಎಂನಲ್ಲೂ ದುಡಿದ ಪ್ರೆಸ್ಟನ್ ಬ್ಲೇರ್ 1940ರ ದಶಕದಲ್ಲಿ ಹೊರತಂದ ಆ್ಯನಿಮೇಷನ್ ಕೈಪಿಡಿಯಲ್ಲಿನ, ಯಾವ ಧ್ವನಿಗೆ ಯಾವ ಬಾಯಿ ಎಂಬ ಪಟ್ಟಿ ಇಂದಿಗೂ ಕಲಿಯುವವರ ಮೇಜಿನ ಮೇಲಿದೆ. ಹನ್ನಾ-ಬಾರ್ಬೆರಾ ಸ್ಟುಡಿಯೊ ಟಿವಿಯ ಖರ್ಚಿಗೆ ಹೊಂದುವಂತೆ ಆರೇ ಆರು ಬಾಯಿಗಳಲ್ಲಿ ಕೆಲಸ ಮುಗಿಸಿತು. ಜಪಾನಿನ ಟಿವಿ ಅನಿಮೆಯಲ್ಲಿ ಮುಚ್ಚಿದ, ಅರೆತೆರೆದ, ತೆರೆದ ಬಾಯಿ ಮೂರೇ ಸಾಕಾಯಿತು. ಅಲ್ಲಿ ಸಾಮಾನ್ಯವಾಗಿ ಚಿತ್ರ ಮೊದಲು, ದನಿ ಆಮೇಲೆ.

ಕಲಿಯುವವರು ಮಾಡುವುದೇನು? ಮುದ್ರಿಸಿದ ಮಾತನ್ನು ಮತ್ತೆ ಮತ್ತೆ ಕೇಳಬೇಕು. ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮ್. ಯಾವ ಫ್ರೇಮಿನಲ್ಲಿ ಯಾವ ಧ್ವನಿ ಎಂದು ಎಕ್ಸ್-ಶೀಟ್ ಎಂಬ ಉದ್ದನೆಯ ಹಾಳೆಯಲ್ಲಿ ಬರೆದುಕೊಳ್ಳಬೇಕು. ಎದುರಿಗೊಂದು ಕನ್ನಡಿ ಇಟ್ಟುಕೊಂಡು ಅದೇ ಮಾತಾಡಿ ತಮ್ಮ ಬಾಯಿಯನ್ನೇ ನೋಡಬೇಕು. ಹೊಸಬರು ಪ್ರತಿ ಅಕ್ಷರಕ್ಕೂ ಒಂದು ಬಾಯಿ ಬರೆಯುತ್ತಾರೆ, ಪಾತ್ರ ಸುಮ್ಮನೆ ಬಾಯಿ ಬಡಿದಂತೆ ಕಾಣುತ್ತದೆ. ಅನುಭವಿಗಳು ಒತ್ತು ಬೀಳುವ ಸ್ವರಗಳನ್ನು ಹಿಡಿದು ಉಳಿದದ್ದನ್ನು ಹಾಯಾಗಿ ಬಿಡುತ್ತಾರೆ. ದನಿಗಿಂತ ಒಂದೆರಡು ಫ್ರೇಮ್ ಮೊದಲೇ ಬಾಯಿ ಆಕಾರ ತಳೆದರೆ ಕಣ್ಣಿಗೆ ಸರಿಯೆನಿಸುತ್ತದೆ. ತುಟಿ ಕೂಡುವ ಧ್ವನಿಗಳನ್ನು ಮಾತ್ರ ಬಿಡುವಂತಿಲ್ಲ. ಕಡಿಮೆಯೆಂದರೆ ಎರಡು ಫ್ರೇಮ್ ಬಾಯಿ ಮುಚ್ಚಿರಲೇಬೇಕು.

ಇಲ್ಲಿ ಕನ್ನಡದ ಮಕ್ಕಳಿಗೆ ಒಂದು ಅನುಕೂಲವಿದೆ. ವ್ಯಂಜನಗಳು ಬಾಯಿಯ ಯಾವ ಜಾಗದಲ್ಲಿ ಹುಟ್ಟುತ್ತವೆ ಎಂಬ ಕ್ರಮದಲ್ಲೇ ನಮ್ಮ ವರ್ಣಮಾಲೆ ಜೋಡಣೆಯಾಗಿದೆ. ಕ, ಚ, ಟ, ತ ವರ್ಗಗಳು ಗಂಟಲಿನಿಂದ ಹಲ್ಲಿನವರೆಗೆ ಒಳಗೊಳಗೇ ನಡೆಯುತ್ತವೆ. ತುಟಿಯಲ್ಲಿ ಕಾಣುವುದು ಕಡಿಮೆ. ಪ ವರ್ಗ ಓಷ್ಠ್ಯ, ಅಲ್ಲಿ ತುಟಿ ಕೂಡಲೇಬೇಕು. ‘ಅಪ್ಪ’, ‘ಅಮ್ಮ’ ಎಂಬಲ್ಲಿ ಒತ್ತಕ್ಷರವಿರುವುದರಿಂದ ಬಾಯಿ ಇನ್ನೂ ಕೆಲವು ಫ್ರೇಮ್ ಮುಚ್ಚಿಕೊಂಡಿರಬೇಕು. ‘ಹಾಲು’ ಎಂದರೂ ‘ಆಲು’ ಎಂದರೂ ಬಾಯಿ ಒಂದೇ. ಕನ್ನಡದ ಮಾತು ಬಹುಪಾಲು ಸ್ವರದಲ್ಲಿ ಮುಗಿಯುತ್ತದೆ, ಆದ್ದರಿಂದ ಮಾತು ನಿಂತ ಮೇಲೂ ತುಟಿ ಆ ಸ್ವರದಲ್ಲಿ ಅರೆಗಳಿಗೆ ತಂಗುತ್ತದೆ. ಧಾರವಾಡದ ಅಜ್ಜಿ ‘ಬಂದಾನ’ ಎಂದಾಗ ದವಡೆ ಕೆಳಗಿಳಿದು ಬಾಯಿ ತೆರೆದಿರುತ್ತದೆ. ಮೈಸೂರಿನ ಅಜ್ಜಿ ‘ಬಂದಿದಾನೆ’ ಎಂದಾಗ ತುಟಿ ಅಗಲಕ್ಕೆ ಎಳೆದಿರುತ್ತದೆ. ಇಬ್ಬರು ಅಜ್ಜಿಯರಿಗೂ ಬೇರೆ ಬೇರೆ ಬಾಯಿ ಬರೆಯಬೇಕು, ಬೇರೆ ಬೇರೆ ಮುಖವೂ ಬಂದೀತು.

ಅಂಥ ಮುಖಗಳನ್ನು ಬರೆಯುವ ಅವಕಾಶ ನಮ್ಮವರಿಗೆ ಸಿಗುವುದು ಅಪರೂಪ. ಭಾರತ-ಜಪಾನ್ ಕೂಡಿ ಮಾಡಿದ 1992ರ ‘ರಾಮಾಯಣ’ದ ಮೂಲ ಸಂಭಾಷಣೆಯೇ ಇಂಗ್ಲಿಷ್; ಹಿಂದಿ ಆಮೇಲೆ ಬಂದದ್ದು. ಕನ್ನಡದ ಮಕ್ಕಳಿಗೆ 2009ರಲ್ಲಿ ಚಿಂಟು ಟಿವಿ ಬಂದಾಗ ಕಾರ್ಟೂನುಗಳು ಮನೆಮಾತಿನಲ್ಲಿ ಕೇಳಿಸಿದವು. ಅದು ದೊಡ್ಡ ಉಪಕಾರವೇ. ತೆರೆಯ ಮೇಲಿನ ಬಾಯಿ ಮುಚ್ಚುವ ಕಡೆ ಪ, ಬ, ಮ ಬೀಳುವಂತೆ ಮಾತು ಹೊಂದಿಸುವ ಡಬ್ಬಿಂಗ್ ಬರಹಗಾರರ ಜಾಣ್ಮೆ ಸಣ್ಣದಲ್ಲ. ಆದರೆ ಇನ್ನೊಂದು ನುಡಿಗೆ ಬರೆದ ಬಾಯಿಗೆ ಅಲ್ಲಿ ಕನ್ನಡ ಹೊಂದಿಕೊಳ್ಳಬೇಕು. ಬೆಂಗಳೂರಿನ ಸ್ಟುಡಿಯೊಗಳಲ್ಲಿ ನುರಿತ ಕೈಗಳು ಬೇಕಾದಷ್ಟಿವೆ, ಅವರು ಹೆಚ್ಚಾಗಿ ಆಡಿಸುವುದು ಪರದೇಶದ ಪಾತ್ರಗಳ ತುಟಿಗಳನ್ನು. ತಂತ್ರಾಂಶಗಳಲ್ಲೂ ಇದೇ ತಾರತಮ್ಯವಿದೆ: ಉಚಿತವಾಗಿ ಸಿಗುವ ‘ರುಬಾರ್ಬ್’ ಇಂಗ್ಲಿಷ್ ಆದರೆ ಪದಗಳನ್ನೇ ಗುರುತಿಸಿ ಬಾಯಿ ಜೋಡಿಸುತ್ತದೆ, ಉಳಿದ ಭಾಷೆಗಳಲ್ಲಿ ಬರಿಯ ಧ್ವನಿಯನ್ನು ನೋಡಿ ಅಂದಾಜು ಮಾಡುತ್ತದೆ. ಕೊನೆಗೆ ತಿದ್ದಬೇಕಾದ್ದು ಕನ್ನಡ ಬಲ್ಲ ಕಿವಿಯೇ.

ಆದ್ದರಿಂದ ಆ್ಯನಿಮೇಷನ್ ಕಲಿಯುತ್ತಿರುವ ಎಳೆಯರಲ್ಲಿ ಒಂದು ಕೇಳಿಕೆ. ಅಭ್ಯಾಸಕ್ಕೆಂದು ಇಂಗ್ಲಿಷ್ ಸಿನಿಮಾದ ಸಂಭಾಷಣೆಯನ್ನೇ ತೆಗೆದುಕೊಳ್ಳಬೇಡಿ. ಮನೆಯ ಅಜ್ಜಿ, ಬೀದಿಯ ಸೊಪ್ಪಿನವ್ವ, ಬಸ್ಸಿನ ಕಂಡಕ್ಟರಣ್ಣ, ಇವರಲ್ಲಿ ಯಾರನ್ನಾದರೂ ಒಪ್ಪಿಸಿ ಅರ್ಧ ನಿಮಿಷದ ಮಾತನ್ನು ಫೋನಿನಲ್ಲಿ ಮುದ್ರಿಸಿಕೊಳ್ಳಿ. ಚೆನ್ನಾಗಿ ಕೇಳಿ, ಆಮೇಲೆ ಬಾಯಿ ಬರೆಯಿರಿ. ಮಕ್ಕಳ ಕಾರ್ಯಕ್ರಮಗಳಿಗೆ ಹಣ ಹಾಕುವವರೂ ಚಿತ್ರ ಬರೆಸುವ ಮೊದಲು ಕನ್ನಡದ ದನಿಯನ್ನು ಮುದ್ರಿಸಲಿ. ಒಬ್ಬ ನಟನ ಒಂದು ಸ್ವರದಿಂದ ವಾಲೇಸ್ ಸಿಕ್ಕಿದ್ದಾನೆ. ಇಷ್ಟು ಬಗೆಯ ಕನ್ನಡವಿರುವ ನಾಡಿನಲ್ಲಿ ಎಂಥೆಂಥ ಪಾತ್ರಗಳು ಸಿಗಬೇಡ!