ಪವರ್ ಸ್ಟಿಯರಿಂಗ್ ಬಿಗಿಯಾದರೆ ಮೊದಲು ಏನು ನೋಡಬೇಕು?



ಹಸು ಹಾಲು ಕಡಿಮೆ ಮಾಡಿದ ದಿನ ನಾವು ಮೊದಲು ಮೇವು, ನೀರು ನೋಡುತ್ತೇವೆ. ಆಮೇಲೆ ಕೆಚ್ಚಲು ಮುಟ್ಟಿ ನೋಡುತ್ತೇವೆ. ಅದರಲ್ಲೂ ತಿಳಿಯದಿದ್ದರೆ ಪಶುವೈದ್ಯರನ್ನು ಕರೆಯುತ್ತೇವೆ. ಆದರೆ ಹಳೆಯ ಟ್ರ್ಯಾಕ್ಟರಿನ ಅಥವಾ ಹಾಲಿನ ಕ್ಯಾನು ಸಾಗಿಸುವ ವ್ಯಾನಿನ ಸ್ಟಿಯರಿಂಗ್ ಬಿಗಿಯಾದಾಗ ಈ ಕ್ರಮವನ್ನು ಮರೆತುಬಿಡುತ್ತೇವೆ. 'ಪಂಪು ಹೋಗಿದೆ' ಎಂದು ಯಾರಾದರೂ ಹೇಳಿದರೆ ಸಾಕು, ಸಾವಿರಾರು ರೂಪಾಯಿ ಕೊಟ್ಟು ಪಂಪು ಬದಲಿಸುತ್ತೇವೆ. ಮರುದಿನವೂ ಸ್ಟಿಯರಿಂಗ್ ಬಿಗಿಯಾಗಿಯೇ ಉಳಿದರೆ, ಕಳೆದುಕೊಂಡ ಹಣ ಎಷ್ಟು ವಾರದ ಹಾಲಿನ ಬಟವಾಡೆ ಎಂದು ಲೆಕ್ಕ ಹಾಕುತ್ತಾ ಕೂರಬೇಕಾಗುತ್ತದೆ.

ಇಲ್ಲಿಯೂ ಖರ್ಚಿಲ್ಲದ ಪರೀಕ್ಷೆ ಮೊದಲು, ದುಬಾರಿ ರಿಪೇರಿ ಕೊನೆಗೆ. ಆ ಕ್ರಮವನ್ನು ಈ ಲೇಖನದಲ್ಲಿ ತಿಳಿಸಲಾಗಿದೆ.

ಕೆಲಸ ಮಾಡುವ ಬಗೆ

ಎಂಜಿನ್ ಒಂದು ಚಿಕ್ಕ ಪಂಪನ್ನು ತಿರುಗಿಸುತ್ತದೆ. ಪಂಪು ಡಬ್ಬಿಯಲ್ಲಿರುವ ಎಣ್ಣೆಯನ್ನು ಎಳೆದು ಒತ್ತಡದಿಂದ ಮುಂದೆ ತಳ್ಳುತ್ತದೆ. ನೀವು ಸ್ಟಿಯರಿಂಗ್ ತಿರುಗಿಸಿದ ಕಡೆಗೆ ವಾಲ್ವ್ ತೆರೆದು, ಎಣ್ಣೆ ಪಿಸ್ಟನ್ನನ್ನು ನೂಕುತ್ತದೆ. ಟೈರಿನಲ್ಲಿರುವ ಗಾಳಿ ಸಾಮಾನ್ಯವಾಗಿ ಕೆಲವು ಹತ್ತು ಪೌಂಡ್ ಮಾತ್ರ. ಈ ಎಣ್ಣೆಯ ಒತ್ತಡವಾದರೋ ಚದರ ಅಂಗುಲಕ್ಕೆ 1000 ಪೌಂಡ್ ಮೀರಬಹುದು. ಅಮೆರಿಕದ ಎಂಜಿನಿಯರ್ ಫ್ರಾನ್ಸಿಸ್ ಡೇವಿಸ್ 1926ರಲ್ಲೇ ಇಂತಹ ವ್ಯವಸ್ಥೆ ರೂಪಿಸಿದ್ದರು. 1951ರಲ್ಲಿ ಕ್ರೈಸ್ಲರ್ ಕಂಪನಿ ಅದನ್ನು ಮಾರಾಟದ ಕಾರಿಗೆ ಅಳವಡಿಸಿತು. ಇಂದಿನ ಹೊಸ ಕಾರುಗಳಲ್ಲಿ ಬಹುಮಟ್ಟಿಗೆ ವಿದ್ಯುತ್ ಮೋಟಾರು ಈ ಕೆಲಸ ಮಾಡುತ್ತದೆ. ನಮ್ಮ ಹಳೆಯ ಗಾಡಿಗಳಲ್ಲಿ ಎಣ್ಣೆಯೇ ಮಾಡಬೇಕು.

ಒಂದು ವ್ಯತ್ಯಾಸವನ್ನು ತಿಳಿದಿರಬೇಕು. ವ್ಯಾನಿನಲ್ಲಿ ಸ್ಟಿಯರಿಂಗಿನಿಂದ ಚಕ್ರದವರೆಗೆ ಕಬ್ಬಿಣದ ಜೋಡಣೆ ಇರುತ್ತದೆ. ಎಂಜಿನ್ ನಿಂತರೂ ತೋಳಿನ ಬಲದಿಂದ ತಿರುಗಿಸಬಹುದು. ಪವರ್ ಸ್ಟಿಯರಿಂಗ್ ಇರುವ ಅನೇಕ ಟ್ರ್ಯಾಕ್ಟರುಗಳಲ್ಲಿ ನಡುವೆ ಕಬ್ಬಿಣದ ಜೋಡಣೆ ಇರುವುದಿಲ್ಲ, ಎಣ್ಣೆಯ ಪೈಪುಗಳು ಮಾತ್ರ ಇರುತ್ತವೆ. ಎಂಜಿನ್ ನಿಂತರೆ ಸ್ಟಿಯರಿಂಗ್ ಕೆಳಗಿನ ಘಟಕವೇ ಕೈಪಂಪಿನಂತೆ ಕೆಲಸ ಮಾಡುತ್ತದೆ, ಆದರೆ ಬಹಳ ಭಾರವಾಗುತ್ತದೆ. ಎಣ್ಣೆ ಪೂರ್ತಿ ಸೋರಿಹೋದರೆ ಚಕ್ರ ನಿಮ್ಮ ಮಾತು ಕೇಳುವುದಿಲ್ಲ. ಆದುದರಿಂದ 'ಸ್ವಲ್ಪ ಸೋರುತ್ತದೆ, ಇರಲಿ' ಎನ್ನಬಾರದು.

1. ಖರ್ಚಿಲ್ಲದ ಪರೀಕ್ಷೆ

ಮುಂದಿನ ಎರಡೂ ಟೈರುಗಳ ಗಾಳಿ ಅಳೆಯಿರಿ. ಗಾಳಿ ಕಡಿಮೆಯಾದ ಟೈರು ನೆಲಕ್ಕೆ ಅಗಲವಾಗಿ ಒತ್ತಿಕೊಂಡು ಸ್ಟಿಯರಿಂಗನ್ನು ಬಿಗಿ ಮಾಡುತ್ತದೆ. ಒಂದರಲ್ಲಿ ಮಾತ್ರ ಕಡಿಮೆ ಇದ್ದರೆ ಗಾಡಿ ಆ ಕಡೆಗೆ ಎಳೆಯುತ್ತದೆ. ಬಳಿಕ ಕಿಂಗ್ ಪಿನ್ ಮತ್ತು ಜಾಯಿಂಟುಗಳ ನಿಪ್ಪಲುಗಳಿಗೆ, ಹಳೆಯ ಗ್ರೀಸು ಹೊರಬರುವವರೆಗೆ, ಹೊಸ ಗ್ರೀಸು ಹೊಡೆಯಿರಿ. ಕೆಸರು ಗದ್ದೆಯಲ್ಲಿ ಓಡಾಡಿದ, ಪದೇ ಪದೇ ನೀರಿನಲ್ಲಿ ತೊಳೆದ ಗಾಡಿಗೆ ಇದು ಬಹಳ ಮುಖ್ಯ.

ಆಮೇಲೆ ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜಾಕಿನಿಂದ ಎತ್ತಿರಿ. ಜಾಕನ್ನೇ ನಂಬಬೇಡಿ; ಎರಡೂ ಪಕ್ಕಕ್ಕೆ ಗಟ್ಟಿ ಮರದ ದಿಮ್ಮಿ ಕೊಡಿ. ಟ್ರ್ಯಾಕ್ಟರಿನ ಮುಂದಿನ ಅಚ್ಚು ನಡುವಿನ ಪಿನ್ನಿನ ಮೇಲೆ ತೂಗುವುದರಿಂದ ಒಂದೇ ಪಕ್ಕಕ್ಕೆ ಆಧಾರ ಕೊಟ್ಟರೆ ವಾಲುತ್ತದೆ. ಈಗ ಎಂಜಿನ್ ಚಾಲೂ ಮಾಡಿ ಸ್ಟಿಯರಿಂಗ್ ತಿರುಗಿಸಿ. ಎತ್ತಿದಾಗಲೂ ಬಿಗಿಯಾಗಿದ್ದರೆ ಕಿಂಗ್ ಪಿನ್ ಹಿಡಿದಿರಬಹುದು ಅಥವಾ ವಾಲ್ವಿನಲ್ಲಿ ದೋಷವಿರಬಹುದು. ಎತ್ತಿದಾಗ ಹಗುರ, ಇಳಿಸಿದಾಗ ಬಿಗಿ ಎಂದರೆ ಟೈರಿನ ಗಾಳಿ, ಮುಂದಿನ ಭಾರ ಅಥವಾ ಎಣ್ಣೆಯ ಒತ್ತಡ ಕಾರಣ.

2. ಎಣ್ಣೆಯನ್ನು ನೋಡಿ

ಡಬ್ಬಿಯ ಮುಚ್ಚಳದ ಸುತ್ತಲಿನ ಧೂಳನ್ನು ಒರೆಸಿದ ಮೇಲೆಯೇ ಮುಚ್ಚಳ ತೆಗೆಯಿರಿ. ಮಟ್ಟ ಕಡಿಮೆ ಇದ್ದರೆ ಪಂಪು ಎಣ್ಣೆಯೊಂದಿಗೆ ಗಾಳಿಯನ್ನೂ ಎಳೆದು ಕುಂಯ್‌ಗುಡುತ್ತದೆ. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಬದಲಿಸಬೇಕು; ಜೊತೆಗೆ ಜಾಲಿ ಅಥವಾ ಫಿಲ್ಟರನ್ನೂ ನೋಡಬೇಕು. ಕಬ್ಬಿಣದ ಪುಡಿ ಹೊಳೆಯುತ್ತಿದ್ದರೆ ಒಳಭಾಗ ಸವೆಯುತ್ತಿದೆ ಎಂದರ್ಥ.

ಎಣ್ಣೆ ಹಾಲಿನಂತೆ ಬಿಳಿಚಿಕೊಂಡಿದ್ದರೆ ಒಂದು ಗಾಜಿನ ಲೋಟದಲ್ಲಿ ಸ್ವಲ್ಪ ತೆಗೆದು ರಾತ್ರಿ ಇಡಿ. ಬೆಳಿಗ್ಗೆ ತಿಳಿಯಾಗಿದ್ದರೆ ಸೇರಿದ್ದುದು ಗಾಳಿ. ಬಿಳುಪು ಹಾಗೆಯೇ ಉಳಿದರೆ ಅಥವಾ ತಳದಲ್ಲಿ ನೀರು ನಿಂತಿದ್ದರೆ ನೀರು ಸೇರಿದೆ.

ಯಾವ ಎಣ್ಣೆ ಹಾಕಬೇಕೆಂಬುದನ್ನು ಗಾಡಿಯ ಕೈಪಿಡಿ ನೋಡಿಯೇ ನಿರ್ಧರಿಸಿ. ಅನೇಕ ವ್ಯಾನುಗಳಿಗೆ ಎಟಿಎಫ್ ಎಂಬ ಕೆಂಪು ಎಣ್ಣೆ ಬೇಕು; ಟ್ರ್ಯಾಕ್ಟರುಗಳಿಗೆ ಬೇರೆ ಹೈಡ್ರಾಲಿಕ್ ಎಣ್ಣೆ ಇರಬಹುದು. ಬ್ರೇಕ್ ಆಯಿಲನ್ನು ಮಾತ್ರ ಎಂದಿಗೂ ಹಾಕಬಾರದು. ಅದು ರಬ್ಬರ್ ಸೀಲುಗಳನ್ನು ಹಾಳುಮಾಡುತ್ತದೆ.

3. ಬೆಲ್ಟು ಮತ್ತು ಸೋರಿಕೆ

ಬೆಲ್ಟಿನಿಂದ ಓಡುವ ಪಂಪಾದರೆ, ಎಂಜಿನ್ ನಿಲ್ಲಿಸಿ ಬೆಲ್ಟಿನ ನಡುಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಸಾಮಾನ್ಯವಾಗಿ ಅರ್ಧ ಅಂಗುಲದಷ್ಟು ತಗ್ಗಬೇಕು. ಅದಕ್ಕಿಂತ ಬಹಳ ಸಡಿಲವಾಗಿದ್ದು, ಪೂರ್ತಿ ತಿರುಗಿಸಿದಾಗ ಕೀಚಲು ಶಬ್ದ ಬಂದರೆ ಬೆಲ್ಟು ಜಾರುತ್ತಿದೆ. ಅದನ್ನು ಬಿಗಿ ಮಾಡುವುದು ಅಥವಾ ಬದಲಿಸುವುದು ಪಂಪಿನ ಬೆಲೆಯ ಮುಂದೆ ಏನೂ ಅಲ್ಲ.

ಸೋರಿಕೆ ಹುಡುಕಲು ಪೈಪು, ಪಂಪು, ಸಿಲಿಂಡರುಗಳನ್ನು ಚೆನ್ನಾಗಿ ಒರೆಸಿ ಒಣಗಿಸಿ, ಸ್ವಲ್ಪ ಹೊತ್ತು ಗಾಡಿ ಓಡಿಸಿ ಮತ್ತೆ ನೋಡಿ. ಎಲ್ಲಿ ಮೊದಲು ಒದ್ದೆಯಾಗಿದೆಯೋ ಅಲ್ಲೇ ದೋಷ. ಎಂಜಿನ್ ಚಾಲೂ ಇರುವಾಗ ಪೈಪಿನ ಮೇಲೆ ಕೈ ಆಡಿಸಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಹೊಮ್ಮುವ ಎಣ್ಣೆ ಚರ್ಮವನ್ನು ತೂರಿ ಒಳಹೋಗಬಲ್ಲದು. ಹಾಗಾದರೆ ಗಾಯ ಎಷ್ಟೇ ಚಿಕ್ಕದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರಟ್ಟಿನ ತುಂಡು ಹಿಡಿದು ಪರೀಕ್ಷಿಸಿ. ಒಡೆದ ಒತ್ತಡದ ಪೈಪಿಗೆ ಸೈಕಲ್ ಟ್ಯೂಬ್ ಸುತ್ತುವುದು ರಿಪೇರಿಯಲ್ಲ. ಅದೇ ಒತ್ತಡ ತಾಳುವ ಹೊಸ ಪೈಪನ್ನೇ ಹಾಕಿಸಬೇಕು.

4. ಗಾಳಿ ತೆಗೆಯುವ ಕ್ರಮ

ಸೋರಿಕೆ ಸರಿಪಡಿಸಿ ಎಣ್ಣೆ ತುಂಬಿದ ಮೇಲೆ ಒಳಗಿನ ಗಾಳಿ ಹೊರಹೋಗಬೇಕು. ಮುಂದಿನ ಚಕ್ರ ಎತ್ತಿ, ಎಂಜಿನ್ ಚಾಲೂ ಮಾಡದೆಯೇ ಸ್ಟಿಯರಿಂಗನ್ನು ಈ ಕೊನೆಯಿಂದ ಆ ಕೊನೆಗೆ ಹಲವು ಸಲ ನಿಧಾನವಾಗಿ ತಿರುಗಿಸಿ. ಇಳಿದಷ್ಟು ಎಣ್ಣೆಯನ್ನು ಮತ್ತೆ ತುಂಬಿ. ಬಳಿಕ ಎಂಜಿನನ್ನು ನಿಧಾನ ವೇಗದಲ್ಲಿಟ್ಟು ಅದನ್ನೇ ಮಾಡಿ. ನೊರೆ ನಿಂತು ಮಟ್ಟ ಸ್ಥಿರವಾದರೆ ಕೆಲಸ ಮುಗಿಯಿತು. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ 5 ಸೆಕೆಂಡಿಗಿಂತ ಹೆಚ್ಚು ಹೊತ್ತು ಒತ್ತಿ ಹಿಡಿಯಬಾರದು. ಎಣ್ಣೆ ಕಾದು ಪಂಪಿಗೆ ಪೆಟ್ಟಾಗುತ್ತದೆ.

5. ಬೇರೆ ಲಕ್ಷಣಗಳು

ಒಂದೇ ಕಡೆಗೆ ಬಿಗಿ: ಎರಡೂ ಕಡೆಗೆ ಎಣ್ಣೆ ಕೊಡುವ ಪಂಪು ಒಂದೇ. ಆದುದರಿಂದ ಪಂಪಿಗಿಂತ ಮೊದಲು ವಾಲ್ವ್, ಒಳಗಿನ ಸೀಲು ಅಥವಾ ಜಾಯಿಂಟುಗಳನ್ನು ಅನುಮಾನಿಸಬೇಕು.

ಸ್ಟಿಯರಿಂಗ್ ಜಾರುವುದು: ಟ್ರ್ಯಾಕ್ಟರಿನ ಚಕ್ರ ಪೂರ್ತಿ ತಿರುಗಿ ನಿಂತ ಮೇಲೂ ಸ್ಟಿಯರಿಂಗ್ ಸುಲಭವಾಗಿ ಸುತ್ತುತ್ತಲೇ ಇದ್ದರೆ, ಸಿಲಿಂಡರಿನ ಸೀಲು ಅಥವಾ ಸ್ಟಿಯರಿಂಗ್ ಘಟಕ ಒಳಗೇ ಸೋರುತ್ತಿದೆ. ಆದರೆ ನೇರವಾಗಿ ಹೋಗುವಾಗ ಸ್ಟಿಯರಿಂಗಿನ ಕಡ್ಡಿಗಳು ಪ್ರತಿಸಲ ಒಂದೇ ಜಾಗಕ್ಕೆ ಬರದಿದ್ದರೆ ಗಾಬರಿ ಬೇಡ. ಪೈಪಿನಿಂದಲೇ ನಡೆಯುವ ಸ್ಟಿಯರಿಂಗಿನ ಸ್ವಭಾವವೇ ಹಾಗೆ.

ಆಟ ಬಂದಿರುವುದು: ಎತ್ತಿದ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಅಲುಗಿದರೆ ಕಿಂಗ್ ಪಿನ್ ಅಥವಾ ಬೇರಿಂಗ್ ನೋಡಬೇಕು. ಎಡಬಲಕ್ಕೆ ಹಿಡಿದಾಗ ಅಲುಗಿದರೆ ಟೈ ರಾಡಿನ ಜಾಯಿಂಟು ನೋಡಬೇಕು. ಇದಕ್ಕೆ ಎಣ್ಣೆಯಲ್ಲಿ ಮದ್ದಿಲ್ಲ. ಜಾಯಿಂಟು ಕಳಚಿದರೆ ಗಾಡಿ ರಸ್ತೆಯಲ್ಲಿ ನಿಲ್ಲುವುದಿಲ್ಲ. ಸರಿಪಡಿಸುವವರೆಗೆ ಮೇವಿನ ಟ್ರೈಲರನ್ನಾಗಲಿ, ಕ್ಯಾನುಗಳನ್ನಾಗಲಿ ಸಾಗಿಸಬೇಡಿ.

ಗ್ಯಾರೇಜಿನಲ್ಲಿ ಕೇಳಬೇಕಾದ ಮಾತು

ಇಷ್ಟೆಲ್ಲ ನೋಡಿದ ಮೇಲೂ ಬಿಗಿ ಉಳಿದರೆ ಮೆಕ್ಯಾನಿಕ್ ಬಳಿಗೆ ಹೋಗಿ. ಪಂಪು ಬಿಚ್ಚುವ ಮೊದಲು 'ಗೇಜ್ ಹಾಕಿ ಒತ್ತಡ ಅಳೆಯಿರಿ' ಎಂದು ಕೇಳಿ. ಒತ್ತಡ ಕೈಪಿಡಿಯಲ್ಲಿ ಹೇಳಿದಷ್ಟು ಇದ್ದರೆ ಪಂಪು ಸರಿಯಾಗಿದೆ, ದೋಷ ಮುಂದೆ ಎಲ್ಲೋ ಇದೆ. ಕಡಿಮೆ ಇದ್ದರೂ ಒತ್ತಡ ನಿಯಂತ್ರಿಸುವ ರಿಲೀಫ್ ವಾಲ್ವಿನಲ್ಲಿ ಕಸ ಸಿಕ್ಕಿರಬಹುದು; ಮೊದಲು ಅದನ್ನು ಶುದ್ಧಮಾಡಿಸಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆದುಕೊಳ್ಳಿ.

ಕೊನೆಯದಾಗಿ ಒಂದು ಮಾತು. ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನ್ ನಿಲ್ಲಿಸುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಎಂಜಿನ್ ನಿಂತ ಗಳಿಗೆಯಲ್ಲೇ ಪಂಪು ನಿಲ್ಲುತ್ತದೆ. ತಿರುವಿನಲ್ಲಿ ಬೇಕಾದ ಬಲ ತೋಳಿಗೆ ಸಾಲದೆ ಹೋಗಬಹುದು. ಉಳಿಯುವ ಡೀಸೆಲ್ ಒಂದು ಲೋಟದಷ್ಟು. ಪಣಕ್ಕಿಡುವುದು ಗಾಡಿಯನ್ನೂ ಜೀವವನ್ನೂ. ಎಂಜಿನ್ ಚಾಲೂ ಇಟ್ಟು, ಗೇರಿನಲ್ಲೇ ಇಳಿಯಿರಿ. ಬೆಳಿಗ್ಗೆ ಸಂಘಕ್ಕೆ ಹೊರಡುವ ಮೊದಲು ಟೈರು, ಎಣ್ಣೆಯ ಮಟ್ಟ ಮತ್ತು ಗಾಡಿ ನಿಂತಿದ್ದ ನೆಲದ ಮೇಲಿನ ಕಲೆ, ಈ ಮೂರನ್ನು ತಪ್ಪದೆ ನೋಡಿಕೊಳ್ಳಿ.